ಇನೋ ಪುಡಿಯಲ್ಲೇ ಆ್ಯಸಿಡ್ ಇದೆಯಲ್ಲಾ, ಮತ್ತೆ ಅಸಿಡಿಟಿ ಹೇಗೆ ಇಳಿಯುತ್ತೆ?

ಬೆಣ್ಣೆದೋಸೆ
ಎಲ್ಲರಿಗೂ ನಮಸ್ಕಾರ. ಸುಮ್ನೆ ಕೂತಿದ್ದಾಗ ಇನೋ ಪ್ಯಾಕೆಟ್ ತಿರುಗಿಸಿ ಓದಿದೆ. 5 ಗ್ರಾಂ ಪುಡಿಯಲ್ಲಿ ಸ್ವರ್ಜಿಕ್ಷಾರ 2.29 ಗ್ರಾಂ, ನಿಂಬುಕಾಮ್ಲ 2.17 ಗ್ರಾಂ ಎಂದು ಬರೆದಿದೆ. ಮೊದಲನೆಯದು ನಮ್ಮ ಅಡುಗೆ ಸೋಡಾ. ಎರಡನೆಯದು ಸಿಟ್ರಿಕ್ ಆ್ಯಸಿಡ್. ಅಂದರೆ ಹೊಟ್ಟೆಯಲ್ಲಿ ಆ್ಯಸಿಡ್ ಜಾಸ್ತಿ ಆಯಿತು ಎಂದು ಕುಡಿಯುವ ಪುಡಿಯಲ್ಲಿ ಹತ್ತಿರ ಹತ್ತಿರ ಅರ್ಧ ಆ್ಯಸಿಡ್ಡೇ! ನೀರಿಗೆ ಹಾಕಿದ ಕೂಡಲೇ ಎರಡೂ ಬುಸ್ ಎಂದು ಹೊಡೆದಾಡಿಕೊಂಡು ಲೋಟದಲ್ಲೇ ಮುಗಿದು ಹೋಗುತ್ತವೆ. ಆಮೇಲೆ ನಾವು ಕುಡಿಯುವುದರಲ್ಲಿ ಏನು ಉಳಿದಿರುತ್ತೆ? ಬರೀ ಉಪ್ಪು ನೀರಾ? ಕೆಮಿಸ್ಟ್ರಿ ಗೊತ್ತಿರುವವರು ಹೇಳಿ ಪ್ಲೀಸ್.

ಗೋಲಿಸೋಡಾ
ತೇಗು ಬರುತ್ತೆ ಗುರು, ಅಷ್ಟೇ. ಗಾಳಿ ಹೊರಗೆ ಹೋದರೆ ಆರಾಮ. ಮದುವೆ ಊಟ ಹೊಡೆದು ಗೋಲಿ ಸೋಡಾ ಕುಡಿಯೋದು ಯಾಕೆ ಮತ್ತೆ? ಇನೋಗೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ ಅಂತ ನನ್ನ ಅನಿಸಿಕೆ.

ನಿವೃತ್ತ_ಮೇಷ್ಟ್ರು
ವ್ಯತ್ಯಾಸ ಇದೆ, ಗೋಲಿಸೋಡಾ ಅವರೇ. ಗೋಲಿ ಸೋಡಾದಲ್ಲಿ ಇರುವುದು ನೀರು ಮತ್ತು ಒತ್ತಿ ತುಂಬಿದ ಕಾರ್ಬನ್ ಡೈಆಕ್ಸೈಡ್. ಹೆಸರಿಗೆ ಸೋಡಾ, ಆದರೆ ಅದು ತಾನೇ ಸ್ವಲ್ಪ ಹುಳಿ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ 4ರ ಆಸುಪಾಸು (7 ತಟಸ್ಥ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ಅದು ಹೊಟ್ಟೆಯ ಆ್ಯಸಿಡ್ಡನ್ನು ತಟಸ್ಥ ಮಾಡುವುದಿಲ್ಲ. ತೇಗು ತರಿಸುತ್ತದೆ, ಹೊಟ್ಟೆಯ ಬಿಗಿ ಇಳಿಯುತ್ತದೆ, ಅಷ್ಟೇ.

ಇನೋ ಲೆಕ್ಕ ಬೇರೆ. ಬೆಣ್ಣೆದೋಸೆ ಕೇಳಿದ ಪ್ರಶ್ನೆಗೆ ಪ್ಯಾಕೆಟ್ ಮೇಲಿನ ಅಂಕಿಗಳಲ್ಲೇ ಉತ್ತರ ಇದೆ. ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬನೇಟ್. ಅದರ ಅಣುತೂಕ 84. 2.29 ಗ್ರಾಂ ಅಂದರೆ ಸುಮಾರು 27 ಮಿಲಿಮೋಲ್ (ಅಣುಗಳನ್ನು ಎಣಿಸುವ ಅಳತೆ). ಸಿಟ್ರಿಕ್ ಆ್ಯಸಿಡ್‌ನ ಅಣುತೂಕ 192. 2.17 ಗ್ರಾಂ ಅಂದರೆ 11 ಮಿಲಿಮೋಲ್‌ಗಿಂತ ಸ್ವಲ್ಪ ಹೆಚ್ಚು. ಆದರೆ ಅದರ ಒಂದೊಂದು ಅಣುವೂ ಮೂರು ಹೈಡ್ರೋಜನ್ ಅಯಾನು ಬಿಟ್ಟುಕೊಡಬಲ್ಲದು. ಹಾಗಾಗಿ ಸುಮಾರು 34 ಮಿಲಿಮೋಲ್ ಹೈಡ್ರೋಜನ್ ಸಿದ್ಧವಾಗಿದೆ. 27 ಬೈಕಾರ್ಬನೇಟ್, 34 ಹೈಡ್ರೋಜನ್. ಅಂದರೆ ಸೋಡಾ ಬಹುತೇಕ ಪೂರ್ತಿ ಲೋಟದಲ್ಲೇ ಖರ್ಚಾಗುತ್ತದೆ. ನಿಮ್ಮ ಅನುಮಾನ ಸರಿ. ಆ ಬುಸ್ ಅನ್ನುವ ನೊರೆಗೂ ನಿಮ್ಮ ಹೊಟ್ಟೆಯ ಆ್ಯಸಿಡ್‌ಗೂ ಸಂಬಂಧ ಇಲ್ಲ.

ನೊರೆ ನಿಂತ ಮೇಲೆ ಲೋಟದಲ್ಲಿ ಉಳಿಯುವುದು ಸೋಡಿಯಂ ಸಿಟ್ರೇಟ್. ನಿಜವಾದ ಔಷಧಿ ಅದೇ.

ಬೆಣ್ಣೆದೋಸೆ
ಇನ್ನೂ ತಲೆಗೆ ಹೋಗಲಿಲ್ಲ ಸರ್. ಸಿಟ್ರೇಟ್ ಆ್ಯಸಿಡ್‌ನಿಂದಲೇ ಬಂದದ್ದು. ಅದು ಆ್ಯಸಿಡ್ಡನ್ನು ಹೇಗೆ ಹಿಡಿಯುತ್ತೆ? ಬಾಯಿಗೆ ಹಾಕಿದರೆ ಹುಳಿಯಾಗಿಯೇ ಇರುತ್ತಲ್ಲ.

ನಿವೃತ್ತ_ಮೇಷ್ಟ್ರು
ಆ್ಯಸಿಡ್‌ಗಳಲ್ಲಿ ಎರಡು ಜಾತಿ. ಹೊಟ್ಟೆಯಲ್ಲಿರುವ ಹೈಡ್ರೋಕ್ಲೋರಿಕ್ ಆ್ಯಸಿಡ್ ಬಲವಾದದ್ದು. ನೀರಿಗೆ ಬಿದ್ದರೆ ತನ್ನ ಹೈಡ್ರೋಜನ್ನನ್ನು ಪೂರ್ತಿ ಬಿಟ್ಟುಬಿಡುತ್ತದೆ. ಮತ್ತೆ ಹಿಡಿದುಕೊಳ್ಳುವುದಿಲ್ಲ. ಸಿಟ್ರಿಕ್ ಆ್ಯಸಿಡ್ ದುರ್ಬಲ. ತನ್ನ ಹೈಡ್ರೋಜನ್ ಬಿಡುವುದಕ್ಕೆ ಅದು ಅಷ್ಟಾಗಿ ಒಪ್ಪುವುದಿಲ್ಲ. ಸೋಡಾ ಬಲವಂತ ಮಾಡಿ ಕಿತ್ತುಕೊಂಡಿದೆ. ಅವಕಾಶ ಸಿಕ್ಕರೆ ಸಿಟ್ರೇಟ್ ವಾಪಸ್ ಹಿಡಿದುಕೊಳ್ಳಲು ಕಾಯುತ್ತಿರುತ್ತದೆ.

ಹೊಟ್ಟೆಯ ಪಿಎಚ್ ಸಾಮಾನ್ಯವಾಗಿ 1.5ರಿಂದ 3.5. ಅಲ್ಲಿ ಬಿಡಿಯಾಗಿ ಓಡಾಡುವ ಹೈಡ್ರೋಜನ್ ಅಯಾನುಗಳು ಬೇಕಾದಷ್ಟು. ಸಿಟ್ರೇಟ್ ಒಳಗೆ ಹೋದ ಕೂಡಲೇ ಅವನ್ನು ಒಂದೊಂದಾಗಿ ಹಿಡಿದು ಮತ್ತೆ ಸಿಟ್ರಿಕ್ ಆ್ಯಸಿಡ್ ಆಗುತ್ತದೆ. ಕೊನೆಗೆ ಉಳಿಯುವುದು ಅಡುಗೆ ಉಪ್ಪು ಮತ್ತು ಒಂದು ದುರ್ಬಲ ಆ್ಯಸಿಡ್. ಬಲವಾದ ಆ್ಯಸಿಡ್ ಹೋಗಿ ಆ ಜಾಗಕ್ಕೆ ದುರ್ಬಲವಾದದ್ದು ಬಂತು. ಪಿಎಚ್ 3.5ರವರೆಗೆ ಏರಿಸುವುದಕ್ಕೆ ಎಷ್ಟು ಕೆಲಸ ಮಾಡುತ್ತದೆ ಎಂದು ನೋಡಿದರೆ, ಆ ಎರಡು ವಸ್ತುಗಳನ್ನೇ ಲೆಕ್ಕ ಹಿಡಿದು ಹತ್ತಿರ ಹತ್ತಿರ 20 ಮಿಲಿಮೋಲ್ ಆ್ಯಸಿಡ್ ಹಿಡಿಯುತ್ತದೆ. ಬರಿಹೊಟ್ಟೆಯಲ್ಲಿ ಇರುವ ಆ್ಯಸಿಡ್ ಕೆಲವೇ ಮಿಲಿಮೋಲ್. ಧಾರಾಳವಾಗಿ ಸಾಕು.

ಇನ್ನೊಂದು ಗಮನಿಸಿ. ಇನೋ ಹಾಕಿದ ಲೋಟ ಹೊರಗಿನಿಂದ ಮುಟ್ಟಿ ನೋಡಿ, ಸ್ವಲ್ಪ ತಣ್ಣಗಾಗಿರುತ್ತದೆ. ಸಿಟ್ರಿಕ್ ಆ್ಯಸಿಡ್ ಮತ್ತು ಸೋಡಾ ನೀರಿನಲ್ಲಿ ಕರಗಿ ಕೂಡುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತವೆ. ಮಕ್ಕಳಿಗೆ ತೋರಿಸುವುದಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ಇಲ್ಲ.

ಗೋಲಿಸೋಡಾ
ಹಾಗಿದ್ರೆ ನೊರೆ ಇರುವಾಗಲೇ ಗಟಗಟ ಕುಡಿಯಬೇಕು ಅನ್ನೋದು ಸುಳ್ಳಾ ಮೇಷ್ಟ್ರೇ?

ನಿವೃತ್ತ_ಮೇಷ್ಟ್ರು
ಆ್ಯಸಿಡ್ ಇಳಿಸುವ ಮಟ್ಟಿಗೆ, ಹೌದು. ನೊರೆ ಇಳಿದ ಮೇಲೆ ಕುಡಿದರೂ ಸಿಟ್ರೇಟ್ ಎಲ್ಲೂ ಹೋಗುವುದಿಲ್ಲ. ತೇಗು ಬೇಕು ಅನ್ನುವವರು ನೊರೆ ಸಮೇತ ಕುಡಿಯಲಿ. ಉಬ್ಬರ ಇದ್ದವರಿಗೆ ಆ ಗಾಳಿ ಒಳಗೆ ಹೋಗದಿದ್ದರೇ ವಾಸಿ.

ಪಿಯು_ಲ್ಯಾಬ್
ಸರ್, ನನಗೊಂದು ಬೇಸಿಕ್ ಪ್ರಶ್ನೆ. ಆ್ಯಸಿಡ್ಡನ್ನು ತಟಸ್ಥ ಮಾಡಬೇಕು ಅಂದರೆ ಬಲವಾದ ಬೇಸ್ ಯಾಕೆ ಕೊಡಬಾರದು? ಸೋಡಿಯಂ ಹೈಡ್ರಾಕ್ಸೈಡ್‌ನ ತೆಳು ದ್ರಾವಣ ಕುಡಿಸಿದರೆ ಸಮೀಕರಣ ಸರಿಹೋಗುತ್ತಲ್ಲ. ಉಪ್ಪು ಮತ್ತು ನೀರು, ಗ್ಯಾಸ್ ಕೂಡ ಬರೋದಿಲ್ಲ.

ಮಾತ್ರೆ_ಕಾರ್ಖಾನೆ
ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನಾನು ಔಷಧಿ ತಯಾರಿಕೆಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡಿದವಳು. ಆಂಟಾಸಿಡ್, ಅಂದರೆ ಹೊಟ್ಟೆಯ ಆ್ಯಸಿಡ್ ಇಳಿಸುವ ಔಷಧಿ, ಟೆಸ್ಟ್ ಮಾಡಿ ಮಾಡಿ ಕೈ ಸವೆದಿದೆ.

ಸಮೀಕರಣ ಹಾಳೆಯ ಮೇಲೆ ಸರಿಹೋಗುತ್ತೆ ತಮ್ಮಾ. ಹೊಟ್ಟೆಗೆ ಹೋಗುವ ಮೊದಲು ಬಾಯಿ, ಅನ್ನನಾಳ ಇವೆ. ಅಲ್ಲಿ ಆ್ಯಸಿಡ್ ಇಲ್ಲ, ತಟಸ್ಥ ಆಗಲು ಏನೂ ಇಲ್ಲ, ಹಾಗಾಗಿ ಆ ಕ್ಷಾರ ಅಲ್ಲಿಯ ಚರ್ಮವನ್ನೇ ಸುಡುತ್ತದೆ. ಹೊಟ್ಟೆಗೆ ತಲುಪಿದರೂ ತೊಂದರೆ ಮುಗಿಯಲಿಲ್ಲ. ಒಳಗೆ ಎಷ್ಟು ಆ್ಯಸಿಡ್ ಇದೆ ಎಂದು ಕುಡಿಯುವವನಿಗೆ ಗೊತ್ತಿರುವುದಿಲ್ಲ. ಸ್ವಲ್ಪ ಜಾಸ್ತಿ ಆದರೂ ಪಿಎಚ್ ಒಮ್ಮೆಗೇ 11, 12 ಕ್ಕೆ ಜಿಗಿಯುತ್ತದೆ. ಲ್ಯಾಬಿನಲ್ಲಿ ಹನಿ ಹನಿ ಸುರಿದು ಅಳೆಯುವ ನಿಮ್ಮ ಟೈಟ್ರೇಷನ್‌ನಲ್ಲಿ ಕೊನೆಯ ಹನಿಗೆ ಬಣ್ಣ ತಟ್ಟನೆ ತಿರುಗುತ್ತಲ್ಲ, ಅದೇ.

ಆಂಟಾಸಿಡ್‌ಗೆ ಬೇಕಾದ ಗುಣ ಬಲ ಅಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲಿ ತಾನಾಗಿ ನಿಲ್ಲುವುದು. ಅದಕ್ಕೇ ನೀರಿನಲ್ಲಿ ಕರಗದ ವಸ್ತುಗಳನ್ನು ಆರಿಸಿದ್ದಾರೆ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ನೋಡಿ. ಒಂದು ಲೀಟರ್ ನೀರಿನಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ ಕರಗುತ್ತದೆ. ಬಾಟಲಿಯಲ್ಲಿ ಅದು ಬಿಳಿ ಗಸಿಯಾಗಿ ಕೂತಿರುವುದು ಅದಕ್ಕೇ. ಕುಲುಕದೆ ಕುಡಿದರೆ ಮೇಲಿನ ನೀರು ಮಾತ್ರ ನಿಮಗೆ, ಔಷಧಿ ತಳದಲ್ಲಿ. ಆದರೆ ಆ್ಯಸಿಡ್ ಸಿಕ್ಕಿದಾಗ ಕರಗಿದ ಆ ಚೂರು ಹೈಡ್ರಾಕ್ಸೈಡ್ ಖರ್ಚಾಗುತ್ತದೆ, ಆ ಜಾಗ ತುಂಬಲು ಮತ್ತಷ್ಟು ಕರಗುತ್ತದೆ, ಅದೂ ಖರ್ಚಾಗುತ್ತದೆ. ಆ್ಯಸಿಡ್ ಮುಗಿದ ಕೂಡಲೇ ಕರಗುವುದೂ ನಿಲ್ಲುತ್ತದೆ. ಉಳಿದದ್ದು ಪುಡಿಯಾಗಿಯೇ ಮುಂದೆ ಹೋಗುತ್ತದೆ. ಯಾರೂ ಅಳತೆ ಮಾಡಿ ಕೊಡಬೇಕಾಗಿಲ್ಲ.

ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಇನ್ನೂ ಚೆನ್ನಾಗಿದೆ. ಅದು ಪಿಎಚ್ 4ರ ಹತ್ತಿರ ಬಂದರೆ ಸಾಕು, ಮುಂದೆ ಕರಗುವುದಕ್ಕೆ ಮನಸ್ಸೇ ಮಾಡುವುದಿಲ್ಲ. ಅಲ್ಲೇ ಪಿಎಚ್ ಹಿಡಿದು ನಿಲ್ಲಿಸುತ್ತದೆ. ಹೊಟ್ಟೆಗೂ ಅಷ್ಟೇ ಸಾಕು.

ಪಿಯು_ಲ್ಯಾಬ್
4 ಸಾಕಾ? 7 ಬೇಡವಾ? ತಟಸ್ಥ ಅಂದರೆ 7 ಅಂತ ತಾನೇ ಓದಿದ್ದು.

ಮಾತ್ರೆ_ಕಾರ್ಖಾನೆ
ಪಿಎಚ್ ಲಾಗ್ ಲೆಕ್ಕದ್ದು ಅನ್ನುವುದು ನೆನಪಿರಲಿ. 1.5ರಿಂದ 2.5ಕ್ಕೆ ಬಂದರೆ ಬಿಡಿ ಆ್ಯಸಿಡ್ ಹತ್ತರಲ್ಲಿ ಒಂದು ಭಾಗಕ್ಕೆ ಇಳಿದಂತೆ. 3.5ಕ್ಕೆ ಬಂದರೆ ನೂರರಲ್ಲಿ ಒಂದು. ಅಂದರೆ 99 ಪರ್ಸೆಂಟ್ ಹೋಗಿದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮದಲ್ಲೂ ಆಂಟಾಸಿಡ್ ಅನ್ನಿಸಿಕೊಳ್ಳಲು ಪರೀಕ್ಷೆಯಲ್ಲಿ 10 ನಿಮಿಷದೊಳಗೆ ಪಿಎಚ್ 3.5 ಮುಟ್ಟಬೇಕು, ಒಂದು ಡೋಸ್ ಕನಿಷ್ಠ 5 ಮಿಲಿಈಕ್ವಿವಲೆಂಟ್ (ಇಲ್ಲಿ 5 ಮಿಲಿಮೋಲ್ ಹೈಡ್ರೋಜನ್ ಎಂದುಕೊಳ್ಳಿ) ಆ್ಯಸಿಡ್ ಹಿಡಿಯಬೇಕು. 7 ಅಂತ ಯಾರೂ ಕೇಳುವುದಿಲ್ಲ.

ಜೊತೆಗೆ ಪೆಪ್ಸಿನ್ ಇದೆ. ಪ್ರೋಟೀನ್ ಕತ್ತರಿಸುವ ಆ ಕಿಣ್ವಕ್ಕೆ ಪಿಎಚ್ 2ರ ಸುತ್ತ ಹಬ್ಬ. 4 ದಾಟಿದರೆ ಅದರ ಆಟ ಬಹಳ ಮಟ್ಟಿಗೆ ನಿಲ್ಲುತ್ತದೆ. ಅನ್ನನಾಳಕ್ಕೆ ಉಕ್ಕಿ ಬಂದು ಉರಿಸುವುದರಲ್ಲಿ ಆ್ಯಸಿಡ್‌ಗೆ ಜೊತೆಯಾಗುವುದು ಇದೇ ಪೆಪ್ಸಿನ್.

ಜೋಳದರೊಟ್ಟಿ
ಅಕ್ಕಾರ, ಅಂಗಡಿಯೊಳಗ ಸಿಗೋ ಜೆಲ್ ಬಾಟಲಿ ಮ್ಯಾಲೆ ಅಲ್ಯುಮಿನಿಯಂ, ಮೆಗ್ನೀಸಿಯಂ ಎರಡೂ ಬರೆದಿರುತ್ತಾವಲ್ರೀ. ಒಂದು ಸಾಕಾಗಂಗಿಲ್ಲೇನು? ಎರಡ್ಯಾಕ?

ಮಾತ್ರೆ_ಕಾರ್ಖಾನೆ
ಎರಡು ಕಾರಣ ರೀ. ಒಂದು, ವೇಗ. ಮೆಗ್ನೀಸಿಯಂ ಬೇಗ ಕೆಲಸ ಶುರು ಮಾಡುತ್ತದೆ. ಅಲ್ಯುಮಿನಿಯಂ ನಿಧಾನ, ಆದರೆ ಹೆಚ್ಚು ಹೊತ್ತು ಇರುತ್ತದೆ. ಎರಡನೆಯ ಕಾರಣ ಬಚ್ಚಲುಮನೆಯದು. ಆ್ಯಸಿಡ್ ಜೊತೆ ಸೇರಿ ಆಗುವ ಮೆಗ್ನೀಸಿಯಂ ಕ್ಲೋರೈಡನ್ನು ಕರುಳು ಹೆಚ್ಚು ಹೀರಿಕೊಳ್ಳುವುದಿಲ್ಲ. ಅಲ್ಲೇ ಉಳಿದು ನೀರನ್ನು ತನ್ನ ಕಡೆ ಎಳೆಯುತ್ತದೆ. ಭೇದಿ. ಮಿಲ್ಕ್ ಆಫ್ ಮೆಗ್ನೀಸಿಯಾವನ್ನು (ನೀರಿನಲ್ಲಿ ಕಲಸಿದ ಮೆಗ್ನೀಸಿಯಂ ಹೈಡ್ರಾಕ್ಸೈಡ್) ಮಲಬದ್ಧತೆಗೆ ಕೊಡುವುದು ಇದೇ ಗುಣಕ್ಕೆ. ಅಲ್ಯುಮಿನಿಯಂ ಇದಕ್ಕೆ ತದ್ವಿರುದ್ಧ, ಹೊಟ್ಟೆ ಕಟ್ಟುತ್ತದೆ. ಎರಡನ್ನೂ ಸೇರಿಸಿದರೆ ಒಂದರ ಕಾಟವನ್ನು ಇನ್ನೊಂದು ಸರಿದೂಗಿಸುತ್ತದೆ ಎಂಬ ಆಸೆ. ಎಲ್ಲರಿಗೂ ಸರಿದೂಗುವುದಿಲ್ಲ ಅನ್ನುವುದು ಬೇರೆ ಮಾತು.

ಅದೇ ಬಾಟಲಿಯಲ್ಲಿ ಸೈಮೆಥಿಕೋನ್ ಅಂತಲೂ ಇರುತ್ತದೆ. ಅದಕ್ಕೆ ಆ್ಯಸಿಡ್ ಜೊತೆ ಯಾವ ವ್ಯವಹಾರವೂ ಇಲ್ಲ. ಅದೊಂದು ಸಿಲಿಕೋನ್ ಎಣ್ಣೆ. ಸಣ್ಣ ಗುಳ್ಳೆಗಳ ಮೇಲ್ಮೈ ಬಿಗಿತ ಸಡಿಲಿಸಿ ಅವು ಒಡೆದು ಒಂದಾಗುವಂತೆ ಮಾಡುತ್ತದೆ. ಆಮೇಲೆ ಗಾಳಿ ಹೊರಗೆ ಹೋಗುವುದು ಸುಲಭ.

ತೂಕದ ಲೆಕ್ಕ ಇಷ್ಟವಾದವರಿಗೆ: ಒಂದು ಗ್ರಾಂ ಅಡುಗೆ ಸೋಡಾ ಸುಮಾರು 12 ಮಿಲಿಮೋಲ್ ಆ್ಯಸಿಡ್ ಹಿಡಿಯುತ್ತದೆ. ಕ್ಯಾಲ್ಸಿಯಂ ಕಾರ್ಬನೇಟ್ 20. ಮೆಗ್ನೀಸಿಯಂ ಹೈಡ್ರಾಕ್ಸೈಡ್ 34. ಅಲ್ಯುಮಿನಿಯಂ ಹೈಡ್ರಾಕ್ಸೈಡ್ 38, ಆದರೆ ಇದು ಪುಸ್ತಕದ ಅಂಕಿ. ಒಣಗಿಸಿದ ಜೆಲ್ ಹಳತಾದಷ್ಟೂ ಅದರ ಕಣಗಳು ಗಟ್ಟಿ ಜೋಡಣೆಗೆ ಬರುತ್ತವೆ, ಆ್ಯಸಿಡ್ ಜೊತೆ ಬೆರೆಯುವುದು ನಿಧಾನ ಆಗುತ್ತದೆ. ಹಾಗಾಗಿ ನಾವು ಎಷ್ಟು ಹಾಕಿದೆವು ಅನ್ನುವುದಕ್ಕಿಂತ ಎಷ್ಟು ಕೆಲಸ ಮಾಡಿತು ಅನ್ನುವುದನ್ನೇ ಅಳೆಯುತ್ತೇವೆ. ಅಗಿಯುವ ಮಾತ್ರೆಯನ್ನು ಚೆನ್ನಾಗಿ ಅಗಿದು ನುಂಗಿ ಎಂದು ಬರೆಯುವುದೂ ಇದಕ್ಕೇ. ಇಡಿಯಾಗಿ ನುಂಗಿದರೆ ಹೊರಮೈ ಮಾತ್ರ ಆ್ಯಸಿಡ್‌ಗೆ ಸಿಗುತ್ತದೆ.

ಪಿಯು_ಲ್ಯಾಬ್
ಅಳೆಯುವ ವಿಷಯ ಬಂತು, ಕೇಳಿಯೇ ಬಿಡುತ್ತೇನೆ. ನನ್ನ ಪ್ರಾಜೆಕ್ಟ್ ಇದೇ. ಎರಡು ಮಾತ್ರೆ ತಗೊಂಡೆ. ಒಂದು ಕ್ಯಾಲ್ಸಿಯಂ ಕಾರ್ಬನೇಟ್ 500 ಮಿಲಿಗ್ರಾಂ. ಇನ್ನೊಂದು ಬರೀ ಅಲ್ಯುಮಿನಿಯಂ ಹೈಡ್ರಾಕ್ಸೈಡ್. ಪುಡಿ ಮಾಡಿ 0.5 ಮೋಲಾರ್ ಹೈಡ್ರೋಕ್ಲೋರಿಕ್ ಆ್ಯಸಿಡ್ 50 ಮಿಲಿ ಹಾಕಿ, ಬಿಸಿ ಮಾಡಿ ಗ್ಯಾಸ್ ಓಡಿಸಿ, ಉಳಿದ ಆ್ಯಸಿಡ್ಡನ್ನು 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಫಿನಾಫ್ತಲೀನ್ (ಬಣ್ಣ ತಿರುಗಿ ಕೊನೆ ತೋರಿಸುವ ಸೂಚಕ) ಹಾಕಿ ಟೈಟ್ರೇಟ್ ಮಾಡಿದೆ. ಕ್ಯಾಲ್ಸಿಯಂಗೆ 30 ಮಿಲಿ ಆಸುಪಾಸು ಬಂತು. ಲೆಕ್ಕ ಸರಿ. ಅಲ್ಯುಮಿನಿಯಂಗೆ ಹತ್ತಿರ ಹತ್ತಿರ 50 ಮಿಲಿ! ಅಂದರೆ ಆ ಮಾತ್ರೆ ಏನೂ ಆ್ಯಸಿಡ್ ತಿನ್ನಲೇ ಇಲ್ಲ ಅಂತ ಬರುತ್ತೆ. ಆದರೆ ಪುಡಿ ಪೂರ್ತಿ ಕರಗಿತ್ತು, ಕಣ್ಣಾರೆ ನೋಡಿದ್ದೀನಿ. ಫ್ಲಾಸ್ಕ್‌ನಲ್ಲಿ ಆಮೇಲೆ ಬಿಳಿ ಲೋಳೆ ಥರ ಏನೋ ಬಂತು.

ಮಾತ್ರೆ_ಕಾರ್ಖಾನೆ
ಆಹಾ, ಚೆಂದದ ಪ್ರಶ್ನೆ. ಆ ಬಿಳಿ ಲೋಳೆಯೇ ಉತ್ತರ.

ಕ್ಯಾಲ್ಸಿಯಂದು ಮೊದಲು ನೋಡೋಣ. 50 ಮಿಲಿಯಲ್ಲಿ 25 ಮಿಲಿಮೋಲ್ ಆ್ಯಸಿಡ್ ಇತ್ತು. ಮಾತ್ರೆ 10 ತಿಂದಿತು. ಉಳಿದದ್ದು 15, ಅದಕ್ಕೆ 30 ಮಿಲಿ. ಸರಿಯಾಗಿದೆ.

ಅಲ್ಯುಮಿನಿಯಂ ಕೂಡ ತಿಂದಿದೆ. ಅಲ್ಯುಮಿನಿಯಂ ಕ್ಲೋರೈಡ್ ಆಗಿ ಕರಗಿದೆ. ಆದರೆ ನೀವು ಕ್ಷಾರ ಸುರಿಯುತ್ತಾ ಹೋದಾಗ ಪಿಎಚ್ 4 ದಾಟಿತು. ಅಲ್ಲಿ ಕರಗಿದ್ದ ಅಲ್ಯುಮಿನಿಯಂ ನಿಮ್ಮ ಹೈಡ್ರಾಕ್ಸೈಡನ್ನು ಕಸಿದುಕೊಂಡು ಮತ್ತೆ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಆಗಿ ಗಸಿಯಿತು. ಮೂರು ಆ್ಯಸಿಡ್ ತಿಂದದ್ದು ಮೂರು ಕ್ಷಾರವನ್ನೂ ತಿಂದಿತು. ಫಿನಾಫ್ತಲೀನ್ ಬಣ್ಣ ತಿರುಗುವುದು 8ರ ಮೇಲೆ. ಅಷ್ಟರಲ್ಲಿ ಮಾತ್ರೆ ಮಾಡಿದ ಕೆಲಸವೆಲ್ಲ ಅಳಿಸಿ ಹೋಗಿರುತ್ತದೆ. ಪಿಎಚ್ ಮೀಟರ್ ಇಟ್ಟು 3.5ಕ್ಕೆ ನಿಲ್ಲಿಸಿ. ಮೀಟರ್ ಇಲ್ಲದಿದ್ದರೆ ಬ್ರೋಮೋಫೀನಾಲ್ ಬ್ಲೂ ಹಾಕಿ, ಅದು 3ರಿಂದ 4.6ರೊಳಗೆ ತಿರುಗುತ್ತದೆ. ಮಿಥೈಲ್ ಆರೆಂಜ್ ಆದರೂ ನಡೆಯುತ್ತೆ.

ಪ್ರಾಜೆಕ್ಟ್‌ನಲ್ಲಿ ಎರಡೂ ರೀಡಿಂಗ್ ಬರೆದು ಯಾಕೆ ಬೇರೆ ಬಂತು ಎಂದು ವಿವರಿಸಿ. ಸರಿ ಉತ್ತರ ಒಂದನ್ನೇ ಬರೆದರೆ ಸಿಗುವುದಕ್ಕಿಂತ ಜಾಸ್ತಿ ಮಾರ್ಕ್ಸ್ ಸಿಗಬೇಕು, ಎಕ್ಸಾಮಿನರ್ ಒಳ್ಳೆಯವರಾದರೆ.

ಇದೇ ಸಂಗತಿ ದೇಹದಲ್ಲೂ ನಡೆಯುತ್ತದೆ. ಹೊಟ್ಟೆ ದಾಟಿ ಸಣ್ಣ ಕರುಳಿಗೆ ಹೋದರೆ ಅಲ್ಲಿ ಮೇದೋಜೀರಕ ಗ್ರಂಥಿ ಬೈಕಾರ್ಬನೇಟ್ ಸುರಿಯುತ್ತದೆ. ಪಿಎಚ್ ಏರುತ್ತದೆ. ಅಲ್ಯುಮಿನಿಯಂ ಮತ್ತೆ ಹೈಡ್ರಾಕ್ಸೈಡ್ ಅಥವಾ ಫಾಸ್ಫೇಟ್ ಆಗಿ ಗಸಿಯುತ್ತದೆ, ಹೊರಗೆ ಹೋಗುತ್ತದೆ. ರಕ್ತದ ಪಿಎಚ್‌ಗೆ ದೊಡ್ಡ ಬದಲಾವಣೆ ಇಲ್ಲ. ಅಡುಗೆ ಸೋಡಾ ಹಾಗಲ್ಲ. ಹೆಚ್ಚಾದ ಬೈಕಾರ್ಬನೇಟ್ ಸೀದಾ ರಕ್ತಕ್ಕೆ ಸೇರುತ್ತದೆ. ಅದಕ್ಕೇ ದಿನಾ ಸೋಡಾ ತಿನ್ನುವವರಿಗೆ ರಕ್ತವೇ ಕ್ಷಾರದ ಕಡೆ ವಾಲುವ ಅಪಾಯ.

ನಿವೃತ್ತ_ಮೇಷ್ಟ್ರು
ಮೇಡಂ, ಇದನ್ನು ನಾನು ಕ್ಲಾಸಿನಲ್ಲಿ ಇದ್ದಾಗ ಹೇಳಿಕೊಡಬೇಕಿತ್ತು. ಪಠ್ಯದಲ್ಲಿ ಸಮೀಕರಣ ಒಂದು ಸಾಲು ಇರುತ್ತದೆ, ಬ್ಯಾಲೆನ್ಸ್ ಮಾಡಿ ಮುಂದೆ ಹೋಗುತ್ತೇವೆ.

ಡ್ಯೂಟಿ_ನರ್ಸ್
ಕೆಮಿಸ್ಟ್ರಿ ಚೆನ್ನಾಗಿದೆ, ಓದಿ ಖುಷಿಯಾಯ್ತು. ಆದರೆ ಮೇಲೆ ಎಲ್ಲರೂ ಉಪ್ಪಿನ ವಿಷಯ ಹಾರಿಸಿಬಿಟ್ಟಿದ್ದೀರಿ. ಅಡುಗೆ ಸೋಡಾದ ತೂಕದಲ್ಲಿ 27 ಪರ್ಸೆಂಟ್ ಸೋಡಿಯಂ. ಮೇಲೆ ಹೇಳಿದ 2.29 ಗ್ರಾಂ ಸೋಡಾದಲ್ಲಿ 0.6 ಗ್ರಾಂಗಿಂತ ಹೆಚ್ಚು ಸೋಡಿಯಂ ಇದೆ. ಅದು ಒಂದೂವರೆ ಗ್ರಾಂ ಅಡುಗೆ ಉಪ್ಪು ತಿಂದಷ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 2 ಗ್ರಾಂ ಸೋಡಿಯಂಗಿಂತ ಕಡಿಮೆ ಇರಲಿ ಎಂದು. ಬಿಪಿ ಇರುವವರು ಉಪ್ಪಿನಕಾಯಿ ಬಿಡುತ್ತಾರೆ, ದಿನಾ ರಾತ್ರಿ ಒಂದು ಪ್ಯಾಕೆಟ್ ಇನೋ ಕುಡಿಯುತ್ತಾರೆ. ಹೀಗೆ ಮಾಡುವವರನ್ನು ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇನೆ.

ಕಿಡ್ನಿ ತೊಂದರೆ ಇರುವವರು ಅಲ್ಯುಮಿನಿಯಂ, ಮೆಗ್ನೀಸಿಯಂ ಜೆಲ್ ಡಾಕ್ಟರನ್ನು ಕೇಳದೆ ಕುಡಿಯಬೇಡಿ. ಸ್ವಲ್ಪವೇ ಹೀರಿಕೊಂಡರೂ ಅದನ್ನು ಹೊರಹಾಕುವ ಕೆಲಸ ಕಿಡ್ನಿಯದು. ಅದು ಆಗದಿದ್ದರೆ ರಕ್ತದಲ್ಲಿ ಸೇರುತ್ತಾ ಹೋಗುತ್ತದೆ.

ಇನ್ನೊಂದು ಮಾತು. ಇದಕ್ಕೆ ಕೆಮಿಸ್ಟ್ರಿ ಬೇಕಾಗಿಲ್ಲ. ಎದೆ ಬಿಗಿತ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು, ಉಸಿರು ಕಟ್ಟುವುದು ಇದ್ದರೆ ಅದನ್ನು ಗ್ಯಾಸ್ ಎಂದು ಸೋಡಾ ಕುಡಿದು ಕೂರಬೇಡಿ. ಇಸಿಜಿ ಮಾಡಿಸಿ. ತೇಗು ಬಂದು ಸ್ವಲ್ಪ ಹಗುರ ಅನ್ನಿಸಿತು ಎಂದು ಮನೆಯಲ್ಲೇ ಉಳಿದವರ ಕಥೆ ನಾವು ಕೇಳಿದಷ್ಟು ಬೇರೆ ಯಾರೂ ಕೇಳಿರಲಿಕ್ಕಿಲ್ಲ.

ಗೋಲಿಸೋಡಾ
ಅಕ್ಕಾ, ಹೆದರಿಸಿಬಿಟ್ರಿ. ತಣ್ಣನೆ ಹಾಲು ಕುಡಿದರೆ ಓಕೆ ಅಲ್ವಾ? ನಮ್ಮ ಮನೆಯಲ್ಲಿ ಅದೇ ಮದ್ದು.

ನಿವೃತ್ತ_ಮೇಷ್ಟ್ರು
ಹಾಲಿಗೆ ಒಂದು ಹಳೇ ಇತಿಹಾಸ ಇದೆ. 1915ರಲ್ಲಿ ಅಮೆರಿಕದ ವೈದ್ಯ ಬರ್ಟ್ರಮ್ ಸಿಪ್ಪಿ ಹೊಟ್ಟೆ ಹುಣ್ಣಿಗೆ ಒಂದು ಪಥ್ಯ ಹೇಳಿದ. ಗಂಟೆಗೊಮ್ಮೆ ಹಾಲು ಮತ್ತು ಕೆನೆ, ನಡುನಡುವೆ ಕ್ಷಾರದ ಪುಡಿ. ದಶಕಗಳ ಕಾಲ ಅದೇ ನಡೆಯಿತು. ಹಾಲಿನ ಪ್ರೋಟೀನು, ಫಾಸ್ಫೇಟು ಆ್ಯಸಿಡ್ಡನ್ನು ಸ್ವಲ್ಪ ಹಿಡಿಯುವುದು ನಿಜ. ಕುಡಿದ ಕೂಡಲೇ ಹಿತ ಅನ್ನಿಸುತ್ತದೆ. ಆದರೆ ಅದೇ ಪ್ರೋಟೀನು, ಅದೇ ಕ್ಯಾಲ್ಸಿಯಂ ಹೊಟ್ಟೆಗೆ ಮತ್ತೆ ಆ್ಯಸಿಡ್ ಸುರಿಸು ಎಂದು ಹೇಳುತ್ತವೆ. ಸ್ವಲ್ಪ ಹೊತ್ತಿಗೆ ಉರಿ ವಾಪಸ್. ಮೇಲಾಗಿ ಅಷ್ಟೊಂದು ಹಾಲು, ಅಷ್ಟೊಂದು ಕ್ಷಾರ ಒಟ್ಟಿಗೆ ತಿಂದವರಲ್ಲಿ ಕೆಲವರಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬಿತ್ತು. ಅದಕ್ಕೆ ಮಿಲ್ಕ್ ಆಲ್ಕಲಿ ಸಿಂಡ್ರೋಮ್ ಅಂತಲೇ ಹೆಸರು ಬಂತು. ಈಗಲೂ ಕ್ಯಾಲ್ಸಿಯಂ ಕಾರ್ಬನೇಟ್ ಮಾತ್ರೆಯನ್ನು ಮಿತಿ ಮೀರಿ ತಿನ್ನುವವರಲ್ಲಿ ಕಾಣಿಸುತ್ತದೆ.

ಅಪರೂಪಕ್ಕೆ ಒಂದು ಲೋಟ ಹಾಲು ಕುಡಿದರೆ ಏನೂ ಆಗುವುದಿಲ್ಲ, ಕುಡಿಯಿರಿ.

ಜೋಳದರೊಟ್ಟಿ
ಮಜ್ಜಿಗಿ ಹುಳಿ ಇರತೈತಿ, ಆದ್ರೂ ಕುಡಿದ್ರ ತಂಪ ಅನಸತೈತಿ. ಅದೂ ಸಿಟ್ರೇಟಿನ ಲೆಕ್ಕಾನ?

ಮಾತ್ರೆ_ಕಾರ್ಖಾನೆ
ಹೌದು ರೀ, ಅದೇ ದಾರಿ. ಮಜ್ಜಿಗೆಯ ಪಿಎಚ್ ನಾಲ್ಕೂವರೆ ಹತ್ತಿರ. ನಾಲಿಗೆಗೆ ಹುಳಿ. 1.5 ಇರುವ ಹೊಟ್ಟೆಗೆ ಹೋಲಿಸಿದರೆ ಏನೂ ಅಲ್ಲ. ಅದರಲ್ಲಿರುವ ಲ್ಯಾಕ್ಟೇಟು, ಪ್ರೋಟೀನು ಒಂದಷ್ಟು ಹೈಡ್ರೋಜನ್ ಹಿಡಿಯುತ್ತವೆ. ಆದರೆ ಅದನ್ನು ಆಂಟಾಸಿಡ್ ಎಂದು ಕರೆಯುವಷ್ಟು ಶಕ್ತಿ ಇಲ್ಲ. ನೀರು ಸೇರಿ ಆ್ಯಸಿಡ್ ತೆಳುವಾಗುವುದೂ ಒಂದು ಕಾರಣ.

ಬೆಣ್ಣೆದೋಸೆ
ನಾನು ಶುರು ಮಾಡಿದ ಥ್ರೆಡ್ ಎಲ್ಲಿಗೋ ಹೋಯಿತು, ಸಂತೋಷ. ಇನ್ನೊಂದು ಕೇಳುತ್ತೇನೆ. ನನಗೆ ಡಾಕ್ಟರ್ ಪ್ಯಾಂಟೊಪ್ರಜೋಲ್ 40 ಬರೆದಿದ್ದಾರೆ. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ತಗೊಳ್ಳಿ ಅಂದರು. ಅದೂ ಆ್ಯಸಿಡ್ಡನ್ನು ತಟಸ್ಥ ಮಾಡುತ್ತಾ? ಉರಿ ಬಂದಾಗ ತಗೊಂಡರೆ ಏನೂ ಆಗಲ್ಲ ನನಗೆ.

ಡ್ಯೂಟಿ_ನರ್ಸ್
ಇಲ್ಲ. ಅದು ತಯಾರಾಗಿರುವ ಆ್ಯಸಿಡ್ ತಂಟೆಗೇ ಹೋಗುವುದಿಲ್ಲ. ಹಾಗಾಗಿ ಉರಿ ಬಂದಾಗ ನುಂಗಿದರೆ ತಕ್ಷಣ ಏನೂ ಗೊತ್ತಾಗುವುದಿಲ್ಲ. ಮೇಡಂ, ಪಂಪಿನ ಭಾಗ ನೀವೇ ಹೇಳಿ, ನನಗೆ ಡ್ಯೂಟಿ ಇದೆ.

ಮಾತ್ರೆ_ಕಾರ್ಖಾನೆ
ಹೊಟ್ಟೆಯ ಗೋಡೆಯಲ್ಲಿ ಪರೈಟಲ್ ಕೋಶಗಳು ಇವೆ. ಅವುಗಳಲ್ಲಿ ಒಂದು ಪ್ರೋಟೀನ್ ಪಂಪು. ಪೊಟ್ಯಾಸಿಯಂ ಒಳಗೆ ಎಳೆದು ಹೈಡ್ರೋಜನ್ ಹೊರಗೆ ತಳ್ಳುತ್ತದೆ. ಊಟ ಮಾಡಿದಾಗ ಈ ಪಂಪುಗಳು ಚುರುಕಾಗುತ್ತವೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಔಷಧಿ ರಕ್ತದ ಮೂಲಕ ಆ ಕೋಶಕ್ಕೆ ಬರುತ್ತದೆ. ತಮಾಷೆ ಏನೆಂದರೆ ಅದು ಬಂದಾಗ ನಿಷ್ಕ್ರಿಯ. ಪಂಪು ಕೆಲಸ ಮಾಡುವ ಜಾಗದ ಆ್ಯಸಿಡ್ ತಗುಲಿದ ಮೇಲೆಯೇ ಅದರ ರೂಪ ಬದಲಾಗಿ ಪಂಪಿನ ಒಂದು ಅಮೈನೋ ಆ್ಯಸಿಡ್ ತುಣುಕಾದ ಸಿಸ್ಟೀನ್‌ಗೆ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತದೆ. ಆ್ಯಸಿಡ್ ಇಲ್ಲದ ಕಡೆ ಅದಕ್ಕೆ ಕೆಲಸವಿಲ್ಲ. ಹಾಗಾಗಿ ಔಷಧಿ ರಕ್ತದಲ್ಲಿ ಇರುವ ಹೊತ್ತಿಗೆ ಊಟ ಬಂದು ಪಂಪುಗಳು ಎಚ್ಚರ ಆಗಬೇಕು. ತಿಂಡಿಗೆ ಅರ್ಧ ಗಂಟೆ ಮೊದಲು ಎನ್ನುವುದು ಈ ಲೆಕ್ಕ. ಒಂದೇ ದಿನಕ್ಕೆ ಪೂರ್ತಿ ಪರಿಣಾಮ ಕಾಣಿಸುವುದಿಲ್ಲ, ಮೂರು ನಾಲ್ಕು ದಿನ ಬೇಕು.

ಆಂಟಾಸಿಡ್‌ನ ಸಮಯದ ಲೆಕ್ಕ ಬೇರೆ. ಬರಿಹೊಟ್ಟೆಯಲ್ಲಿ ಕುಡಿದರೆ ಅರ್ಧ ಗಂಟೆಯೊಳಗೆ ಹೊಟ್ಟೆಯಿಂದ ಕೆಳಗೆ ಇಳಿದು ಹೋಗುತ್ತದೆ. ಊಟವಾಗಿ ಒಂದು ಗಂಟೆಗೆ ಕುಡಿದರೆ ಅನ್ನದ ಜೊತೆ ಹೊಟ್ಟೆಯಲ್ಲೇ ಉಳಿದು ಎರಡು ಮೂರು ಗಂಟೆ ಕೆಲಸ ಮಾಡುತ್ತದೆ. ನನ್ನ ಪ್ರಕಾರ ಹೆಚ್ಚಿನವರು ಇದನ್ನು ಸುಮ್ನೆ ವ್ಯರ್ಥ ಮಾಡುವುದು ಇಲ್ಲೇ.

ಪಿಯು_ಲ್ಯಾಬ್
ಒಂದು ಅಡ್ಡ ಮಾತು. ಹೊಟ್ಟೆಯಲ್ಲಿ ಬದುಕುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಕೂಡ ಆಂಟಾಸಿಡ್ ಮಾಡಿಕೊಳ್ಳುತ್ತೆ ಅಂತ ಓದಿದೆ. ಯೂರಿಯಾ ಒಡೆದು ಅಮೋನಿಯಾ ಮಾಡಿ ತನ್ನ ಸುತ್ತಲಿನ ಆ್ಯಸಿಡ್ ತಟಸ್ಥ ಮಾಡಿಕೊಳ್ಳುತ್ತಂತೆ. ನಿಜವಾ?

ನಿವೃತ್ತ_ಮೇಷ್ಟ್ರು
ನಿಜ. ಯೂರಿಯೇಸ್ ಎಂಬ ಕಿಣ್ವದಿಂದ. ಅಷ್ಟು ಆ್ಯಸಿಡ್‌ನಲ್ಲಿ ಯಾವ ಬ್ಯಾಕ್ಟೀರಿಯಾ ಬದುಕಲು ಸಾಧ್ಯ ಎಂದು ಎಲ್ಲರೂ ನಗುತ್ತಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದರ ಕಲ್ಚರನ್ನು ತಾನೇ ಕುಡಿದು ಹೊಟ್ಟೆ ಉರಿಯೂತ ತಂದುಕೊಂಡ. ಅವನಿಗೂ ರಾಬಿನ್ ವಾರನ್‌ಗೂ 2005ರಲ್ಲಿ ನೊಬೆಲ್ ಬಂತು. ಅಲ್ಸರ್ ಇರುವವರಿಗೆ ಹೆಚ್ಚಿನ ಸಲ ಈ ಬ್ಯಾಕ್ಟೀರಿಯಾ ಕಾರಣ, ಆಗ ಆಂಟಿಬಯೋಟಿಕ್ ಬೇಕು. ವರ್ಷಗಟ್ಟಲೆ ಜೆಲ್ ಕುಡಿದರೂ ಅದು ಹೋಗುವುದಿಲ್ಲ.

ಗೋಲಿಸೋಡಾ
ಮತ್ತೆ ಊಟ ಆದಮೇಲೆ ಎಲೆ ಅಡಿಕೆ ಸುಣ್ಣ? ಸುಣ್ಣ ಕ್ಷಾರ ತಾನೇ. ಈಗ ನಾನೂ ಕೆಮಿಸ್ಟ್ರಿ ಮಾತಾಡ್ತಾ ಇದ್ದೀನಿ ನೋಡಿ.

ಮಾತ್ರೆ_ಕಾರ್ಖಾನೆ
ಕ್ಷಾರವೇ, ಅದೂ ಸ್ವಲ್ಪ ಜಾಸ್ತಿಯೇ ಬಲವಾದದ್ದು. ತಿಳಿಸುಣ್ಣದ ಪಿಎಚ್ 12 ದಾಟುತ್ತದೆ. ಸುಣ್ಣ ಹೆಚ್ಚಾದರೆ ನಾಲಿಗೆ ಸುಡುವುದು ಅದಕ್ಕೇ. ಎಲೆಗೆ ಹಚ್ಚುವ ಚೂರು ಹೊಟ್ಟೆಯ ಆ್ಯಸಿಡ್‌ಗೆ ಲೆಕ್ಕಕ್ಕೇ ಇಲ್ಲ. ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುವುದಂತೂ ಸಾಬೀತಾದ ಮಾತು, ಅಸಿಡಿಟಿ ನೆಪದಲ್ಲಿ ಅದನ್ನು ಶುರು ಮಾಡಬೇಡಿ.

ಬೆಣ್ಣೆದೋಸೆ
ಕೊನೇ ಪ್ರಶ್ನೆ, ಸತ್ಯವಾಗಿ ಕೊನೇದು. ಅಮ್ಮ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಾರೆ. ಜೊತೆಗೆ ಕಬ್ಬಿಣದ ಮಾತ್ರೆಯೂ ಇದೆ. ಉರಿ ಬಂದಾಗ ಜೆಲ್ ಕೊಡಬಹುದಾ?

ಡ್ಯೂಟಿ_ನರ್ಸ್
ಕೊಡಬಹುದು, ಒಟ್ಟಿಗೆ ಬೇಡ. ಅಲ್ಯುಮಿನಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಇವು ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದ ಹಾಗೆ ಮಾಡುತ್ತವೆ. ಮಾತ್ರೆಗೂ ಜೆಲ್‌ಗೂ 4 ಗಂಟೆ ಅಂತರ ಇರಲಿ. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಜೆಲ್ ಬೇಕಾದರೆ ಮಧ್ಯಾಹ್ನದ ಊಟ ಆದಮೇಲೆ. ಕಬ್ಬಿಣದ ಮಾತ್ರೆಯನ್ನೂ ಎರಡಕ್ಕೂ ದೂರ ಇಡಿ, ಅದು ಸೇರಿಕೊಳ್ಳಲು ಹೊಟ್ಟೆಯ ಆ್ಯಸಿಡ್ ಬೇಕು. ಟೆಟ್ರಾಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್ ಥರದ ಆಂಟಿಬಯೋಟಿಕ್ ಕೊಟ್ಟಾಗಲೂ ಇದೇ ತೊಂದರೆ. ಅಂಗಡಿಯವರಿಗೆ ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಹೇಳಿಯೇ ಜೆಲ್ ತಗೊಳ್ಳಿ. ಎರಡು ವಾರ ದಾಟಿಯೂ ಉರಿ ಇದ್ದರೆ, ನುಂಗುವಾಗ ಸಿಕ್ಕಿಕೊಂಡಂತೆ ಆದರೆ, ಮಲ ಕಪ್ಪಾದರೆ ಅಮ್ಮನನ್ನು ಡಾಕ್ಟರ ಹತ್ತಿರ ಕರಕೊಂಡು ಹೋಗಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತೆ. ಆದರೂ ಅದನ್ನು ಅವರೇ ನೋಡಿ ಹೇಳಲಿ.